ಪಿಎಚ್‌ಡಿ ಮುಗಿಯಿತು. ಮೇಷ್ಟ್ರಾದ ಮೇಲೆ ಸಂಶೋಧನೆ ಉಳಿಯುತ್ತಾ?

ಲ್ಯಾಬ್ ಇಲಿ:

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಕೇಳಲೇಬೇಕಾದ ಒಂದು ಪ್ರಶ್ನೆ ಇದೆ.

ನನ್ನದು ಮೆಟೀರಿಯಲ್ಸ್ ಸೈನ್ಸ್. ವಯಸ್ಸು 31. ಹೋದ ತಿಂಗಳು ವೈವಾ ಆಯಿತು. ಗ್ಯಾಸ್ ಸೆನ್ಸರ್‌ಗೆ ಬಳಸುವ ಆಕ್ಸೈಡ್ ಪದರಗಳ ಮೇಲೆ ಐದೂವರೆ ವರ್ಷ ಕೂತಿದ್ದೇನೆ. ಈಗ ಕೈಯಲ್ಲಿ ಎರಡು ದಾರಿ ಇವೆ. ಒಂದು, ಬೆಂಗಳೂರಿನ ಹೊರಗಿನ ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಕೆಲಸ. ಇನ್ನೊಂದು, ಕೊರಿಯಾದಲ್ಲಿ ಎರಡು ವರ್ಷದ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ಆದ ಮೇಲಿನ ತಾತ್ಕಾಲಿಕ ಸಂಶೋಧನಾ ಕೆಲಸ. ಅಪ್ಪ ಹೈಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆದವರು. "ಮನೆಯಿಂದ ಓಡಾಡುವ ಕೆಲಸ ಬಂದಿದೆ, ಇನ್ನೇನು ಬೇಕು?" ಅನ್ನುತ್ತಾರೆ.

ನನಗೆ ಸಂಬಳದ ಚಿಂತೆ ಇಲ್ಲ. ನನ್ನ ಸೀನಿಯರ್‌ಗಳು ಐದಾರು ಜನ ಹೀಗೇ ಕಾಲೇಜು ಸೇರಿದರು. ಸೇರುವಾಗ ಎಲ್ಲರೂ "ಸಂಜೆ ಹೊತ್ತು ರಿಸರ್ಚ್ ಮಾಡ್ತೀನಿ" ಅಂದವರೇ. ಈಗ ಫೋನ್ ಮಾಡಿದರೆ ಪರೀಕ್ಷೆ ಡ್ಯೂಟಿಯ ಕಥೆ ಬಿಟ್ಟು ಬೇರೆ ಇಲ್ಲ. ಒಬ್ಬರು ಕೊನೆಯದಾಗಿ ಬರೆದ ಪೇಪರು ಅವರ ಥೀಸಿಸ್‌ನ ನಾಲ್ಕನೇ ಅಧ್ಯಾಯ. ಅದಾಗಿ ಏಳು ವರ್ಷ.

ಪಾಠ ಮಾಡುತ್ತಲೇ ಸಂಶೋಧನೆ ಉಳಿಸಿಕೊಂಡವರು ಇಲ್ಲಿ ಯಾರಾದರೂ ಇದ್ದೀರಾ? ಸಮಾಧಾನದ ಮಾತು ಬೇಡ. ನಿಮ್ಮ ಜೀವನದಲ್ಲಿ ನಡೆದದ್ದು ಹೇಳಿ.

ಕಟಕಟೆ:

ಸಂಜೆ ಹೊತ್ತು ರಿಸರ್ಚ್! ನಮ್ಮಲ್ಲಿ ಸಂಜೆ ಹೊತ್ತು ಬಸ್ಸು. ಕಾಲೇಜು ಬಸ್ಸು 4.40ಕ್ಕೆ ಹೊರಡುತ್ತೆ. ಅದು ತಪ್ಪಿದರೆ ಹೈವೇವರೆಗೆ ಎರಡು ಕಿಲೋಮೀಟರ್ ನಡಿಗೆ. ನನ್ನ ಸಂಶೋಧನೆ ನಿಂತದ್ದು ಆ ಬಸ್ಸಿನಿಂದ ಅಂದರೆ ಯಾರೂ ನಂಬಲ್ಲ.

ನೆಲಮಂಗಲ ಮೆಕ್ಯಾನಿಕಲ್:

ತಮ್ಮಾ, 14 ವರ್ಷದಿಂದ ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿದ್ದೇನೆ. ಯಾವ ಕಾಲೇಜು ಅಂತ ಕೇಳಬೇಡ, ಇನ್ನೂ ಅಲ್ಲೇ ಇದ್ದೇನೆ.

ನನ್ನ ಒಂದು ವಾರ ಹೇಳುತ್ತೇನೆ. ಕ್ಲಾಸು, ಲ್ಯಾಬು ಸೇರಿ 18 ಗಂಟೆ. ಅದು ನನಗೆ ಭಾರವೇ ಅಲ್ಲ, ಪಾಠ ಮಾಡೋದು ಇಷ್ಟ. ಉಳಿದದ್ದೆಲ್ಲ ಫೈಲು. ಪ್ರತಿ ವಿಷಯಕ್ಕೂ ಸಿಒ-ಪಿಒ ಮ್ಯಾಪಿಂಗ್, ಅಂದರೆ ವಿಷಯದ ಗುರಿಗಳನ್ನು ಪದವಿಯ ಗುರಿಗಳಿಗೆ ಹೊಂದಿಸಿ ತೋರಿಸುವ ಕೋಷ್ಟಕ. ಇಂಟರ್ನಲ್ಸ್ ಪ್ರಶ್ನೆಪತ್ರಿಕೆಯ ಒಂದೊಂದು ಪ್ರಶ್ನೆಗೂ ಬ್ಲೂಮ್ಸ್ ಲೆವೆಲ್ (ಅದು ಯಾವ ಮಟ್ಟದ ಯೋಚನೆ ಕೇಳುತ್ತೆ ಅಂತ) ನಮೂದಿಸಬೇಕು. ಇಪ್ಪತ್ತು ಹುಡುಗರಿಗೆ ನಾನು ಮೆಂಟರ್. ಅವರ ಅಟೆಂಡೆನ್ಸ್ ಕಮ್ಮಿಯಾದರೆ ಅಪ್ಪ ಅಮ್ಮನಿಗೆ ನಾನೇ ಫೋನ್ ಮಾಡಬೇಕು. ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ಬರುವ ವರ್ಷ ಒಂದು, ಕೋರ್ಸಿಗೆ ಮಾನ್ಯತೆ ಕೊಡುವ ಎನ್‌ಬಿಎ ಬರುವ ವರ್ಷ ಇನ್ನೊಂದು. ಎರಡರ ನಡುವೆ ಉಸಿರಾಡಲು ಬಿಡುವು ಸಿಕ್ಕಿತು ಅನ್ನುವಷ್ಟರಲ್ಲಿ ಅಡ್ಮಿಷನ್ ಕಾಲ. ಡಾಕ್ಟರೇಟ್ ಇಟ್ಟುಕೊಂಡು ಪಿಯು ಕಾಲೇಜಿನ ಗೇಟಲ್ಲಿ ನಿಂತು ಬ್ರೋಷರ್ ಹಂಚಿದ್ದೇನೆ. ಒಬ್ಬ ಹುಡುಗ ಅದರಲ್ಲಿ ಕಡಲೆಕಾಯಿ ಕಟ್ಟಿಕೊಂಡ.

ಹಾಗಂತ ನಮ್ಮಲ್ಲಿ ಸಂಶೋಧನೆ ಇಲ್ಲ ಅಂದುಕೊಳ್ಳಬೇಡ. ಬೇಕಾದಷ್ಟಿದೆ. ಸ್ಕೋಪಸ್ ಅನ್ನುವ ಜರ್ನಲ್ ಸೂಚಿಯಲ್ಲಿ ಬರುವ ಪೇಪರು ವರ್ಷಕ್ಕೆ ಎರಡು ತೋರಿಸದಿದ್ದರೆ ಇನ್‌ಕ್ರಿಮೆಂಟ್ ಇಲ್ಲ. ಲ್ಯಾಬಿಗೆ ದುಡ್ಡಿಲ್ಲ, ಗಂಟೆ ಇಲ್ಲ, ಆದರೆ ಪೇಪರು ಬೇಕು. ಹಿಟ್ಟು ಕೊಡದೆ ರೊಟ್ಟಿ ಎಣಿಸಿದ ಹಾಗೆ. ಆಗ ಜನ ಏನು ಮಾಡುತ್ತಾರೆ? ವಾಟ್ಸಾಪ್‌ನಲ್ಲಿ ಮೆಸೇಜ್ ಬರುತ್ತೆ. "ಪೇಪರು ರೆಡಿ ಇದೆ, ಎರಡನೇ ಹೆಸರಿಗೆ ಇಷ್ಟು, ನಾಲ್ಕನೇ ಹೆಸರಿಗೆ ಇಷ್ಟು."

ನಾನೇನೂ ಸಾಚಾ ಅಲ್ಲ. ನೀನು ನಡೆದದ್ದು ಹೇಳಿ ಅಂದೆ, ಹೇಳುತ್ತೇನೆ. 2016ರಲ್ಲಿ ಪ್ರಮೋಷನ್‌ಗೆ ಒಂದು ಪೇಪರು ಕಮ್ಮಿ ಬಿತ್ತು. ನಾಲ್ಕು ಸಾವಿರ ರೂಪಾಯಿ ಕಟ್ಟಿ ಒಂದು ಜರ್ನಲ್‌ನಲ್ಲಿ ಹಾಕಿಸಿದೆ. ಕೆಲಸ ನನ್ನದೇ, ಸುಳ್ಳಿರಲಿಲ್ಲ. ಆದರೆ ಕಳಿಸಿದ ಮೂರನೇ ದಿನಕ್ಕೆ "ಒಪ್ಪಿದ್ದೇವೆ" ಅಂತ ಮೇಲ್ ಬಂತು. ಓದಿದವರು ಯಾರೂ ಇರಲಿಲ್ಲ ಅಂತ ನನಗೂ ಗೊತ್ತು, ಅವರಿಗೂ ಗೊತ್ತು. 2018ರ ಮೇನಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ತಾನು ಒಪ್ಪಿದ ಜರ್ನಲ್‌ಗಳ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ಕಿತ್ತುಹಾಕಿತಲ್ಲ, ಅದರಲ್ಲಿ ಅದೂ ಇತ್ತು. ನನ್ನ ಪ್ರಮೋಷನ್ ಮಾತ್ರ ಉಳಿಯಿತು. ಇವತ್ತಿಗೂ ಬಯೋಡೇಟಾ ಕೊಡುವಾಗ ಆ ಸಾಲಿಗೆ ಬಂದರೆ ಕೈ ನಿಲ್ಲುತ್ತೆ.

ಕಡತ ಕಣ್ಣು:

ಮೆಕ್ಯಾನಿಕಲ್ ಸರ್ ಬರೆದದ್ದನ್ನು ಓದಿ ಹೊಟ್ಟೆಯಲ್ಲಿ ಒಂಥರಾ ಆಯಿತು. ನಾನು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್, ಕೆಮಿಸ್ಟ್ರಿ. ನಮ್ಮ ಕಡೆಯ ಲೆಕ್ಕ ಹೇಳುತ್ತೇನೆ. ಇದು ತಿಳಿಯದಿದ್ದರೆ ನಮ್ಮ ಪ್ರೊಫೆಸರ್‌ಗಳು ಯಾಕೆ ಹೀಗಿರುತ್ತಾರೆ ಅನ್ನೋದು ಅರ್ಥ ಆಗಲ್ಲ.

ಯುಜಿಸಿಯ 2018ರ ನಿಯಮದ ಪ್ರಕಾರ ನೇರ ನೇಮಕದಲ್ಲಿ ಅಸೋಸಿಯೇಟ್ ಪ್ರೊಫೆಸರ್ ಆಗಲು ಕನಿಷ್ಠ 7 ಪೇಪರು, 75 ರಿಸರ್ಚ್ ಸ್ಕೋರು. ಪ್ರೊಫೆಸರ್ ಆಗಲು 10 ಪೇಪರು, 120 ಸ್ಕೋರು. ವಿಜ್ಞಾನ, ಎಂಜಿನಿಯರಿಂಗ್‌ನಲ್ಲಿ ಒಂದು ಪೇಪರಿಗೆ ಮೂಲ ಅಂಕ 8. ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಪೇಪರುಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸುತ್ತಾರೆ ಅನ್ನುವ ಅಳತೆ) ನೋಡಿ ಮೇಲೆ ಇನ್ನಷ್ಟು. ಒಬ್ಬರಿಗೆ ಪಿಎಚ್‌ಡಿ ಕೊಡಿಸಿದರೆ 10.

ಮಜಾ ಇರೋದು ಹಂಚಿಕೆಯಲ್ಲಿ. ಇಬ್ಬರು ಬರೆದರೆ ಇಬ್ಬರಿಗೂ ತಲಾ 70 ಪರ್ಸೆಂಟ್. ಅದಕ್ಕಿಂತ ಜಾಸ್ತಿ ಜನ ಇದ್ದರೆ ಮುಖ್ಯ ಲೇಖಕರಿಗೆ 70, ಉಳಿದ ಪ್ರತಿಯೊಬ್ಬರಿಗೂ 30. ಈಗ ನಾಲ್ಕು ಗೆಳೆಯರು ತಲಾ ಒಂದೊಂದು ಪೇಪರು ಒಬ್ಬೊಬ್ಬರೇ ಬರೆದರು ಅಂದುಕೊಳ್ಳಿ. ಒಬ್ಬೊಬ್ಬರಿಗೂ 8 ಅಂಕ. ಅದೇ ನಾಲ್ವರು ನಾಲ್ಕೂ ಪೇಪರಿಗೆ ಎಲ್ಲರ ಹೆಸರು ಹಾಕಿಕೊಂಡು, ಸರದಿಯಲ್ಲಿ ಮುಖ್ಯ ಲೇಖಕರಾದರೆ? 70 ಮತ್ತು ಮೂರು ಸಲ 30, ಒಟ್ಟು 160 ಪರ್ಸೆಂಟ್. ಅಂದರೆ 12.8 ಅಂಕ. ಕೆಲಸ ಅಷ್ಟೇ, ಅಂಕ ಒಂದೂವರೆ ಪಟ್ಟಿಗಿಂತ ಜಾಸ್ತಿ. ಇದು ಮೋಸವೂ ಅಲ್ಲ, ನಿಯಮದೊಳಗೇ ಇದೆ. ನಮ್ಮ ವಿಭಾಗದ ಪೇಪರುಗಳಲ್ಲಿ ಆರಾರು ಹೆಸರು ಯಾಕಿರುತ್ತವೆ ಅಂತ ಕೇಳುವವರು ಈ ಲೆಕ್ಕ ಒಮ್ಮೆ ಹಾಕಿ ನೋಡಲಿ.

2025ರ ಜನವರಿಯಲ್ಲಿ ಹೊಸ ಕರಡು ಬಂತು. ಅದರಲ್ಲಿ ಈ ಅಂಕದ ಲೆಕ್ಕ ಬಿಟ್ಟು "ಗಮನಾರ್ಹ ಕೊಡುಗೆ" ನೋಡುತ್ತೇವೆ ಅಂದರು. ಗಮನಿಸುವವರು ಯಾರು ಅನ್ನೋದರ ಮೇಲೆ ಎಲ್ಲ ನಿಂತಿದೆ. ಜೊತೆಗೆ ಕುಲಪತಿ ನೇಮಕದ್ದೂ ಅದರಲ್ಲೇ ಸೇರಿಸಿ…

ಕಟ್ಟೆ ಕಾವಲು (ನಿರ್ವಾಹಕ):

ಕುಲಪತಿ ನೇಮಕದ ಜಗಳಕ್ಕೆ ಬೇರೆ ಜಾಗ ಇದೆ, ಅಲ್ಲಿ ಈಗಾಗಲೇ ಮುನ್ನೂರು ಉತ್ತರ ಬಿದ್ದಿವೆ. ಇಲ್ಲಿ ಹುಡುಗನ ಪ್ರಶ್ನೆಗೆ ಉತ್ತರ ಕೊಡಿ.

ಸ್ಟೇಟಸ್ ಸಿಂಗಲ್:

ರಾಮನ್ ಅವರನ್ನು ನೋಡಿ ಕಲೀರಿ ಸ್ವಾಮಿ. ಹಗಲೆಲ್ಲ ಸರ್ಕಾರಿ ಅಕೌಂಟ್ಸ್ ಆಫೀಸಲ್ಲಿ ಕೆಲಸ, ಬೆಳಿಗ್ಗೆ ಸಂಜೆ ಪ್ರಯೋಗ. ಕೊನೆಗೆ ನೊಬೆಲ್. ಮನಸ್ಸಿದ್ದರೆ ಮಾರ್ಗ. ಈಗಿನವರಿಗೆ ನೆಪ ಜಾಸ್ತಿ.

ರಿಟೈರ್ಡ್ ರೀಡರ್:

ಈ ಮಾತು ಯಾವಾಗ ಬರುತ್ತೆ ಅಂತ ಕಾಯುತ್ತಿದ್ದೆ. ನಾನು ಫಿಸಿಕ್ಸ್ ಪಾಠ ಮಾಡಿದವನು. 31 ವರ್ಷ ಪ್ರತಿ ಫೆಬ್ರವರಿ 28ಕ್ಕೆ ರಾಮನ್ ಬಗ್ಗೆ ಭಾಷಣ ಮಾಡಿದ್ದೇನೆ. ಆದ್ದರಿಂದ ಇದರಲ್ಲಿ ಸ್ವಲ್ಪ ಅಧಿಕಾರ ಇದೆ ಅಂದುಕೊಳ್ಳುತ್ತೇನೆ.

ರಾಮನ್ 1907ರಲ್ಲಿ ಕಲ್ಕತ್ತೆಗೆ ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್ ಆಗಿ ಹೋದರು. ನಿಜ. ಬೌಬಜಾರ್ ಬೀದಿಯ ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್‌ನಲ್ಲಿ ಆಫೀಸಿಗೆ ಮುಂಚೆ, ಆಫೀಸ್ ಬಿಟ್ಟ ಮೇಲೆ ಕೆಲಸ ಮಾಡಿದರು. ಅದೂ ನಿಜ. ಆದರೆ ಆ ಕಥೆಯಲ್ಲಿ ನಾವು ಬಿಟ್ಟುಬಿಡುವ ಒಬ್ಬ ಮನುಷ್ಯ ಇದ್ದಾನೆ. ಆಶುತೋಷ್ ಡೇ. ಎಲ್ಲರೂ ಆಶು ಬಾಬು ಅನ್ನುತ್ತಿದ್ದರು. ರಾಮನ್ ಮೊದಲ ಸಲ ಹೋದಾಗ ಬಾಗಿಲು ತೆರೆದವರು ಅವರೇ. ಮುಂದೆ ಕಾಲು ಶತಮಾನ ರಾಮನ್‌ಗೆ ಸಹಾಯಕರಾಗಿದ್ದರು. ರಾಮನ್‌ಗೆ ಇದ್ದದ್ದು ಬರೀ ಮನಸ್ಸಲ್ಲ. ಬೆಳಗಿನ ಜಾವ ಹೋದರೂ ತೆರೆಯುವ ಬಾಗಿಲಿತ್ತು. ಬಾಗಿಲ ಹಿಂದೆ ಉಪಕರಣ ಇತ್ತು, ಉಪಕರಣ ಗೊತ್ತಿರುವ ಕೈ ಇತ್ತು. ಇನ್ನೊಂದು ವಿಷಯ. 1917ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ ಪಾಲಿತ್ ಪ್ರೊಫೆಸರ್ ಹುದ್ದೆ ಸಿಕ್ಕಾಗ, ಸಂಬಳ ಕಮ್ಮಿಯಾದರೂ ಆ ದೊಡ್ಡ ಸರ್ಕಾರಿ ಕೆಲಸ ಬಿಟ್ಟು ಬಂದರು. ಅಂದರೆ ಸಂಜೆ ಹೊತ್ತಿನ ಸಂಶೋಧನೆ ಸಾಲದು ಅಂತ ಅವರಿಗೇ ಅನ್ನಿಸಿತ್ತು, ಅಲ್ವಾ? ರಾಮನ್ ಪರಿಣಾಮ ಕಂಡದ್ದು 1928ರಲ್ಲಿ, ಪ್ರೊಫೆಸರ್ ಆಗಿ ಹನ್ನೊಂದನೇ ವರ್ಷ.

ಹಾಗಾಗಿ ಲ್ಯಾಬ್ ಇಲಿ ಅವರೇ, ಆ ಕಾಲೇಜಿನವರನ್ನು ಸಂಬಳ ಕೇಳುವ ಮೊದಲು ಇದೊಂದು ಕೇಳಿ: ಐದು ಗಂಟೆ ಮೇಲೆ ಲ್ಯಾಬಿನ ಕೀ ಯಾರ ಹತ್ತಿರ ಇರುತ್ತೆ?

ನನ್ನದೇ ಒಂದು ಉದಾಹರಣೆ. ಎಂಬತ್ತರ ದಶಕ. ನಾನು ಸೇರಿದ ವಿಶ್ವವಿದ್ಯಾಲಯ ಬೆಂಗಳೂರಿನಿಂದ ದೂರ. ಪಿಎಚ್‌ಡಿ ಮಾಡಿದ್ದು ಕಡಿಮೆ ಉಷ್ಣತೆಯಲ್ಲಿ ಹರಳುಗಳ ಡೈಎಲೆಕ್ಟ್ರಿಕ್ (ವಿದ್ಯುತ್ ಕ್ಷೇತ್ರಕ್ಕೆ ಸ್ಪಂದಿಸುವ) ಗುಣ ಅಳೆಯುವ ಮೇಲೆ. ಅದಕ್ಕೆ ದ್ರವ ನೈಟ್ರೋಜನ್ ಬೇಕು. ಬೆಂಗಳೂರಿನಿಂದ ಡೀವಾರ್ ಪಾತ್ರೆಯಲ್ಲಿ (ದೊಡ್ಡ ಥರ್ಮಾಸ್ ಥರದ್ದು) ತುಂಬಿಸಿ ಜೀಪಲ್ಲಿ ತರಿಸುತ್ತಿದ್ದೆವು. ಆ ರಸ್ತೆಯ ಕುಲುಕಾಟಕ್ಕೆ ಊರು ಮುಟ್ಟುವ ಹೊತ್ತಿಗೆ ಅರ್ಧ ಆವಿಯಾಗಿರುತ್ತಿತ್ತು. ಉಳಿದದ್ದರಲ್ಲಿ ಒಂದು ರಾತ್ರಿ, ಜಾಸ್ತಿ ಅಂದರೆ ಎರಡು ರಾತ್ರಿ ಅಳತೆ. ಅಷ್ಟರಲ್ಲಿ ಕರೆಂಟ್ ಹೋದರೆ ಮುಗಿಯಿತು. ಮೂರು ವರ್ಷ ಹೀಗೆ ಒದ್ದಾಡಿದೆ. ನನ್ನ ಗೈಡ್ ಮಾಡಿದ್ದ ಕೆಲಸವನ್ನೇ ನಾನೂ ಮಾಡಬೇಕು ಅನ್ನುವ ಹಟ.

ನಾಲ್ಕನೇ ವರ್ಷ ಬುದ್ಧಿ ಬಂತು. ನಮ್ಮೂರಲ್ಲಿ ಚಳಿ ದುಬಾರಿ, ಬೆಂಕಿ ಸಸ್ತಾ. ಇಟ್ಟಿಗೆ ಗೂಡಿನವರ ಹತ್ತಿರ ಫೈರ್‌ಬ್ರಿಕ್ ತಂದೆ. ಮೋಟಾರ್ ವೈಂಡಿಂಗ್ ಮಾಡುವ ಹುಡುಗನ ಕೈಲಿ ಕಾಂತಾಲ್ ಅನ್ನುವ, ಕಾವು ಕೊಡುವ ತಂತಿ ಸುತ್ತಿಸಿದೆ. 900 ಡಿಗ್ರಿವರೆಗೆ ಹೋಗುವ ಒಂದು ಕುಲುಮೆ ಆಯಿತು. ಕೋಣೆಯ ಉಷ್ಣತೆಯಿಂದ ಮೇಲಕ್ಕೆ ಅಳೆಯುವ ಕೆಲಸ ಹಿಡಿದೆ. ನಾಲ್ಕು ವಿದ್ಯಾರ್ಥಿಗಳು ಅದೇ ಕುಲುಮೆಯ ಮೇಲೆ ಪಿಎಚ್‌ಡಿ ಮಾಡಿದರು. ಲೋಕಪ್ರಸಿದ್ಧ ಆಗಲಿಲ್ಲ. ಆದರೆ ನಾವು ಅಳೆದ ಅಂಕಿಗಳನ್ನು ಜಪಾನಿನ ಒಬ್ಬರು ಬಳಸಿಕೊಂಡು ಕಾಗದ ಬರೆದಿದ್ದರು. ಆ ಕಾಗದ ಇನ್ನೂ ಇಟ್ಟುಕೊಂಡಿದ್ದೇನೆ.

ಕೆಲಸ ಸೇರಿದ ಮೇಲೆ ಸಂಶೋಧನೆ ಸಾಯುವುದು ಬಹಳ ಸಲ ಗಂಟೆ ಇಲ್ಲದೆ ಅಲ್ಲ. ಗೈಡ್‌ನ ಲ್ಯಾಬನ್ನೇ ಇಲ್ಲೂ ಕಟ್ಟಬೇಕು ಅನ್ನುವ ಆಸೆಯಿಂದ.

ಸ್ಟೇಟಸ್ ಸಿಂಗಲ್:

ಆಶು ಬಾಬು ವಿಷಯ ಗೊತ್ತಿರಲಿಲ್ಲ ಸರ್. ನೆಪ ಅಂದದ್ದು ವಾಪಸ್.

ಮೂರನೇ ಮಹಡಿ:

ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಎಲೆಕ್ಟ್ರಾನಿಕ್ಸ್. ಕೆಲಸದಲ್ಲಿ ಇದ್ದುಕೊಂಡೇ ವಿಟಿಯುನಲ್ಲಿ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪಾರ್ಟ್‌ಟೈಮ್ ಪಿಎಚ್‌ಡಿ ಮಾಡಿದೆ. ನೋಂದಣಿ ಆದಾಗ ಮಗಳಿಗೆ ಒಂದು ವರ್ಷ. ಪದವಿ ಬಂದಾಗ ಅವಳು ಮೂರನೇ ಕ್ಲಾಸು.

ಇಲ್ಲಿ ಎಲ್ಲರೂ "ಸಂಜೆ ಹೊತ್ತು" ಅಂತ ಬರೆದದ್ದು ಓದಿ ನಗು ಬಂತು. ಸಂಜೆ ಯಾರದ್ದು? ನನ್ನ ಸಂಜೆ ನನ್ನದಾಗಿರಲಿಲ್ಲ. ನನಗೆ ಸಿಕ್ಕಿದ್ದು ಬೆಳಗಿನ ಜಾವ ನಾಲ್ಕರಿಂದ ಆರು. ಅಷ್ಟರಲ್ಲಿ ಲ್ಯಾಬಿಗೆ ಹೋಗಲು ಆಗಲ್ಲ. ಹಾಗಾಗಿ ಆಂಟೆನಾ ತಯಾರಿಸಿ ಅಳೆಯುವ ಯೋಚನೆ ಬಿಟ್ಟು ಮೊದಲ ಮೂರು ವರ್ಷ ಸಿಮ್ಯುಲೇಷನ್ ಮಾತ್ರ ಮಾಡಿದೆ. ಲ್ಯಾಪ್‌ಟಾಪ್ ಅಡುಗೆಮನೆ ಕಟ್ಟೆ ಮೇಲೆ ಓಡುತ್ತಿತ್ತು. ಒಂದು ಡಿಸೈನ್ ಲೆಕ್ಕ ಮುಗಿಯಲು ನಲವತ್ತು ನಿಮಿಷ, ಅಂದರೆ ಸರಿಯಾಗಿ ಒಂದು ದೋಸೆ ಹಿಟ್ಟಿನ ಪಾತ್ರೆ ಖಾಲಿಯಾಗುವ ಹೊತ್ತು. ಅಳತೆಯನ್ನು ಬೇಸಿಗೆ ರಜೆಯಲ್ಲಿ ಬೇರೆ ಕಡೆ ಹೋಗಿ ಹದಿನೈದು ದಿನದಲ್ಲಿ ಮಾಡಿ ಮುಗಿಸಿದೆ.

ಯುಜಿಸಿಯ 2022ರ ನಿಯಮದಲ್ಲಿ ಪಿಎಚ್‌ಡಿ ಮಾಡುವ ಹೆಂಗಸರಿಗೆ ಎರಡು ವರ್ಷ ಜಾಸ್ತಿ ಸಮಯ, 240 ದಿನದವರೆಗೆ ಹೆರಿಗೆ ಅಥವಾ ಮಗು ನೋಡಿಕೊಳ್ಳುವ ರಜೆ ಇದೆ. ಒಳ್ಳೆಯದೇ. ಆದರೆ ಪಿಎಚ್‌ಡಿ ಆದ ಮೇಲೆ? ಪ್ರಾಜೆಕ್ಟ್‌ಗೆ ಅರ್ಜಿ ಹಾಕಿದರೆ "ಕಳೆದ ಐದು ವರ್ಷದ ಪ್ರಕಟಣೆ" ಕೇಳುತ್ತಾರೆ. ಆ ಐದರಲ್ಲಿ ಎರಡು ವರ್ಷ ಅತ್ತೆಗೆ ಪಾರ್ಶ್ವವಾಯು ಆಗಿತ್ತು ಅಂತ ಬರೆಯಲು ಫಾರಂನಲ್ಲಿ ಜಾಗ ಇಲ್ಲ.

ನನ್ನ ಟೇಬಲ್ ಮೇಲೆ ರಾಜೇಶ್ವರಿ ಚಟರ್ಜಿ ಅವರ ಫೋಟೋ ಇದೆ. ಮೈಕ್ರೋವೇವ್ ಓದಿದವರಿಗೆ ಮಾತ್ರ ಅವರ ಹೆಸರು ಗೊತ್ತು, ನಮ್ಮೂರಿನವರೇ ಆದರೂ. ನಂಜನಗೂಡಿನಲ್ಲಿ 1922ರಲ್ಲಿ ಹುಟ್ಟಿದವರು. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಎಂಎಸ್ಸಿ ಮಾಡಿ, ಅಲ್ಲಿಂದ ಮಿಷಿಗನ್‌ಗೆ ಹೋಗಿ ಡಾಕ್ಟರೇಟ್ ತಗೊಂಡು, 1953ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಐಐಎಸ್‌ಸಿಗೆ ಮೇಷ್ಟ್ರಾಗಿ ಬಂದರು. ಗಂಡ ಹೆಂಡತಿ ಇಬ್ಬರೂ ಅದೇ ವಿಭಾಗದಲ್ಲಿ, ಇಬ್ಬರೂ ಮೈಕ್ರೋವೇವ್. ಅವರ ಬಗ್ಗೆ ಓದಿದಾಗ ನನಗೆ ಮೊದಲು ಬಂದ ಯೋಚನೆ ನಾಚಿಕೆಗೇಡಿನದು. ಮನೆಯಲ್ಲಿ ಊಟದ ಹೊತ್ತಿಗೆ ಆಂಟೆನಾ ಬಗ್ಗೆ ಮಾತಾಡಲು ಒಬ್ಬರಿದ್ದರಲ್ಲ ಅಂತ ಹೊಟ್ಟೆಕಿಚ್ಚು ಆಯಿತು.

ನೆಲಮಂಗಲ ಮೆಕ್ಯಾನಿಕಲ್:

ಮೇಡಂ, ಆ ದೋಸೆ ಹಿಟ್ಟಿನ ಲೆಕ್ಕ ನಮ್ಮ ಮನೆಯವರಿಗೆ ಓದಿ ಹೇಳಿದೆ. ಅವರು ಸ್ಕೂಲ್ ಟೀಚರ್. "ಅವರ ಸಿಮ್ಯುಲೇಷನ್‌ನಲ್ಲಿ ಚಟ್ನಿ ಬಿಟ್ಟುಹೋಗಿದೆ" ಅಂದರು.

ಮಿಡ್‌ವೆಸ್ಟ್ ಮಲೆನಾಡು:

ನಾನು ಅಮೆರಿಕದ ಒಂದು ಸ್ಟೇಟ್ ಯೂನಿವರ್ಸಿಟಿಯಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಪ್ರೊಫೆಸರ್. ಊರು ತೀರ್ಥಹಳ್ಳಿ ಕಡೆ. ಇಲ್ಲಿ ಎಲ್ಲ ಸುಖ ಅಂತ ಅಂದುಕೊಳ್ಳುವವರಿಗಾಗಿ ಬರೆಯುತ್ತಿದ್ದೇನೆ.

ಸೇರಿದ ಮೊದಲ ದಿನವೇ ನನಗೆ ಲ್ಯಾಬಿನ ಕೀ ಕೊಟ್ಟರು. ರಾತ್ರಿ ಎರಡು ಗಂಟೆಗೂ ಹೋಗಬಹುದು. ಸಲಕರಣೆ ಕೊಳ್ಳಲು ಸ್ಟಾರ್ಟ್‌ಅಪ್ ದುಡ್ಡೂ ಕೊಟ್ಟರು. ವರ್ಷಕ್ಕೆ ಎರಡೋ ಮೂರೋ ಕೋರ್ಸು ಪಾಠ, ಅಷ್ಟೇ. ಇದನ್ನು ಕೇಳಿದರೆ ಮೆಕ್ಯಾನಿಕಲ್ ಸರ್‌ಗೆ ಸ್ವರ್ಗ ಅನ್ನಿಸಬಹುದು.

ಈಗ ಇನ್ನೊಂದು ಮಗ್ಗುಲು. ಇಲ್ಲಿ ನಮಗೆ ಸಾಮಾನ್ಯವಾಗಿ ಒಂಬತ್ತು ತಿಂಗಳ ಸಂಬಳ. ಬೇಸಿಗೆಯ ಸಂಬಳ ನಾವೇ ತಂದ ಗ್ರ್ಯಾಂಟ್‌ನಿಂದ ತಗೋಬೇಕು. ವಿದ್ಯಾರ್ಥಿಯ ಸ್ಟೈಪೆಂಡು, ಅವನ ಫೀಸು, ಹೆಲ್ತ್ ಇನ್ಶೂರೆನ್ಸು, ಮೇಲೆ ಯೂನಿವರ್ಸಿಟಿ ಹಿಡಿಯುವ ಓವರ್‌ಹೆಡ್ಡು, ಎಲ್ಲ ಅದರಲ್ಲೇ. ಆರನೇ ವರ್ಷಕ್ಕೆ ಟೆನ್ಯೂರ್ ತೀರ್ಪು. ಸಿಕ್ಕರೆ ಕೆಲಸ ಕಾಯಂ, ಸಿಗದಿದ್ದರೆ ಒಂದು ವರ್ಷದೊಳಗೆ ಗಂಟು ಮೂಟೆ ಕಟ್ಟಬೇಕು. ಇಲ್ಲಿನ ಸರ್ಕಾರಿ ಸಂಶೋಧನಾ ನಿಧಿ ಎನ್‌ಎಸ್‌ಎಫ್‌ನ ಕೆರಿಯರ್ ಅವಾರ್ಡ್ ಅಂತ ಇದೆ. ಎಂಜಿನಿಯರಿಂಗ್‌ನಲ್ಲಿ ಐದು ವರ್ಷಕ್ಕೆ ಕನಿಷ್ಠ 5 ಲಕ್ಷ ಡಾಲರ್. ಒಬ್ಬರಿಗೆ ಮೂರೇ ಸಲ ಪ್ರಯತ್ನ. ನನಗೆ ಮೂರನೇ ಸಲ ಬಂತು. ಬರುವ ತನಕ ಆ ಎರಡು ವರ್ಷ ಅಮ್ಮನ ಫೋನ್ ಬಂದರೂ ಎತ್ತಲು ಭಯ. ಏನಾಯಿತು ಅಂತ ಕೇಳುತ್ತಾಳಲ್ಲ ಅಂತ.

ಆಮೇಲೆ? ಇವತ್ತು ನನ್ನ ಗುಂಪಿನಲ್ಲಿ ಒಂಬತ್ತು ಜನ ಇದ್ದಾರೆ. ನಾನು ಕೊನೆಯ ಸಲ ಸ್ವಂತ ಕೈಯಲ್ಲಿ ಒಂದು ಸ್ಯಾಂಪಲ್ ಮಾಡಿ ಎಂಟು ವರ್ಷ ಆಯಿತು. ನನ್ನ ಕೆಲಸ ಪ್ರೊಪೋಸಲ್ ಬರೆಯೋದು, ಬೇರೆಯವರ ಪ್ರೊಪೋಸಲ್ ಓದೋದು, ಹುಡುಗರು ಅಳದ ಹಾಗೆ ನೋಡಿಕೊಳ್ಳೋದು. ರೀಡರ್ ಸರ್ ಕೇಳಿದ ಕೀ ಇನ್ನೂ ನನ್ನ ಪರ್ಸಿನಲ್ಲಿದೆ. ಹೋದ ತಿಂಗಳು ಒಂದು ಸಂಜೆ ಹೋಗಿ ನೋಡಿದರೆ ಬೀಗವನ್ನೇ ಬದಲಿಸಿದ್ದಾರೆ, ಕಾರ್ಡ್ ಹಾಕಿದ್ದಾರೆ. ಯಾವಾಗ ಬದಲಾಯಿಸಿದ್ದು ಅಂತ ಕೇಳಿದೆ. "ಒಂದೂವರೆ ವರ್ಷ ಆಯ್ತು ಪ್ರೊಫೆಸರ್" ಅಂದ ನನ್ನದೇ ಹುಡುಗ.

ಕಂಪನಿ ಕಡೆಯವನು:

ನಾನು ಪಿಎಚ್‌ಡಿ ಮಾಡಿ ಸೀದಾ ಸೆಮಿಕಂಡಕ್ಟರ್ ಕಂಪನಿ ಸೇರಿದೆ. ಇಲ್ಲಿ ಪ್ರಶ್ನೆ ಅವರದು, ಸಮಯ ನನ್ನದು. ಕಾಲೇಜಲ್ಲಿ ಪ್ರಶ್ನೆ ನಿಮ್ಮದು, ಸಮಯ ಅವರದು. ಎರಡರಲ್ಲಿ ಒಂದು ಆರಿಸಿಕೊಳ್ಳಿ. ನನಗೆ ಪಶ್ಚಾತ್ತಾಪ ಇಲ್ಲ. ಇಎಂಐ ಇದೆ.

ಕಡತ ಕಣ್ಣು:

ದುಡ್ಡಿನ ವಿಷಯ ಯಾರೂ ಸರಿಯಾಗಿ ಹೇಳಲಿಲ್ಲ. ಮುಂಚೆ ಸಂಶೋಧನೆಗೆ ಕೇಂದ್ರ ಸರ್ಕಾರದ ದುಡ್ಡು ಕೊಡಲು ಎಸ್‌ಇಆರ್‌ಬಿ ಅನ್ನುವ ಮಂಡಳಿ ಇತ್ತು. 2023ರ ಕಾಯ್ದೆಯಿಂದ ಅದರ ಜಾಗಕ್ಕೆ ಎಎನ್‌ಆರ್‌ಎಫ್ ಬಂತು. ಐದು ವರ್ಷಕ್ಕೆ 50,000 ಕೋಟಿ ಅಂದರು, ಅದರಲ್ಲಿ ದೊಡ್ಡ ಪಾಲು ಸರ್ಕಾರದ ಹೊರಗಿಂದ ಬರಬೇಕು. ಹೊಸದಾಗಿ ಕೆಲಸ ಸೇರಿದವರಿಗೆ ಅರ್ಲಿ ಕೆರಿಯರ್ ಗ್ರ್ಯಾಂಟ್ ಇದೆ. ಕಾಯಂ ಕೆಲಸ ಇದ್ದರೆ ಮಾತ್ರ ಹಾಕಬಹುದು, ವಯಸ್ಸಿನ ಮಿತಿಯೂ ಇದೆ. ಹಾಗಾಗಿ ಸೇರಿದ ಮೊದಲ ವರ್ಷವೇ ಹಾಕಿ. "ಸ್ವಲ್ಪ ಸೆಟ್ಲ್ ಆಗಿ ಹಾಕೋಣ" ಅಂದವರು ಯಾರೂ ಸೆಟ್ಲ್ ಆಗಿದ್ದು ನಾನು ನೋಡಿಲ್ಲ.

ದುಡ್ಡು ಬಂದ ಮೇಲೆ ಖರ್ಚು ಮಾಡೋದು ಇನ್ನೊಂದು ಪಿಎಚ್‌ಡಿ. ನನ್ನ ಮೊದಲ ಪ್ರಾಜೆಕ್ಟಲ್ಲಿ ಒಂದು ಟ್ಯೂಬ್ ಫರ್ನೇಸ್ ಕೊಳ್ಳಲು ಹನ್ನೊಂದು ತಿಂಗಳು ಹಿಡಿಯಿತು. ಮೂರು ಕೊಟೇಶನ್, ಕಮಿಟಿ, ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್, ಮತ್ತೆ ಕಮಿಟಿ. ನಡುವೆ 2022ರ ಜುಲೈಯಲ್ಲಿ ವೈಜ್ಞಾನಿಕ ಸಲಕರಣೆಗಳ ಜಿಎಸ್‌ಟಿ 5ರಿಂದ 18ಕ್ಕೆ ಏರಿತು. ಪ್ರಾಜೆಕ್ಟ್ ಮಂಜೂರಾದದ್ದು ಹಳೆಯ ಬೆಲೆಗೆ. ಆ ಹದಿಮೂರು ಪರ್ಸೆಂಟ್‌ಗೆ ಗಾಳಿ ಹೊರತೆಗೆಯುವ ಒಂದು ಪಂಪ್ ಬಿಟ್ಟುಕೊಟ್ಟೆ. ಪಂಪ್ ಇಲ್ಲದ ಫರ್ನೇಸ್ ಅಂದರೆ ಏನು ಅಂತ ರೀಡರ್ ಸರ್‌ಗೆ ಗೊತ್ತು. 2025ರಲ್ಲಿ ಖರೀದಿ ನಿಯಮ ಸ್ವಲ್ಪ ಸಡಿಲ ಮಾಡಿದರು, ಅದು ನಿಜಕ್ಕೂ ಒಳ್ಳೆಯದಾಯಿತು.

ವಿದ್ಯಾರ್ಥಿಯ ಕಥೆ ಇನ್ನೂ ಬೇರೆ. ಜೆಆರ್‌ಎಫ್‌ಗೆ (ಪಿಎಚ್‌ಡಿ ವಿದ್ಯಾರ್ಥಿಯ ಫೆಲೋಶಿಪ್) 2023ರಿಂದ ತಿಂಗಳಿಗೆ 37,000 ಅಂತ ಕಾಗದದಲ್ಲಿದೆ. ನನ್ನ ಹುಡುಗನಿಗೆ ಏಳು ತಿಂಗಳು ಬರಲಿಲ್ಲ. ನಾನೇ ಕೈಯಿಂದ ಮೆಸ್ ಬಿಲ್ ಕಟ್ಟಿದೆ. ಅವನು ಒಂದು ದಿನವೂ ಕೇಳಲಿಲ್ಲ, ಅದೇ ನನಗೆ ಕಷ್ಟ ಆದದ್ದು.

ಲ್ಯಾಬ್ ಇಲಿ ಅವರೇ, ನಿಮ್ಮ ವಿಷಯಕ್ಕೆ ಉಪಯೋಗಕ್ಕೆ ಬರುವ ಒಂದು ಮಾತು. ಎಲ್ಲ ಉಪಕರಣ ನಿಮ್ಮ ಕಾಲೇಜಲ್ಲೇ ಇರಬೇಕಾಗಿಲ್ಲ. ಐಐಎಸ್‌ಸಿಯ ನ್ಯಾನೋ ಕೇಂದ್ರದಲ್ಲಿ ಹೊರಗಿನ ಕಾಲೇಜಿನವರಿಗೆ ಅಂತಲೇ ಐಎನ್‌ಯುಪಿ ಅನ್ನುವ ಯೋಜನೆ ಇದೆ. ತೆಳುಪದರ, ಸೆನ್ಸರ್ ಕೆಲಸಕ್ಕೆ ಹೇಳಿ ಮಾಡಿಸಿದ್ದು. ದೇಶದ ಬೇರೆ ಬೇರೆ ಲ್ಯಾಬುಗಳ ಯಂತ್ರಗಳನ್ನು ಬುಕ್ ಮಾಡಲು ಐ-ಸ್ಟೆಮ್ ಪೋರ್ಟಲ್ ಇದೆ. ಸ್ಯಾಂಪಲ್ ನಿಮ್ಮಲ್ಲಿ ಮಾಡಿ, ಅಳತೆ ಅಲ್ಲಿ ಮಾಡಿಸಿ. ಜರ್ನಲ್ ಓದುವುದು ಮಾತ್ರ ಕಷ್ಟ. 2025ರಿಂದ ಶುರುವಾದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ (ಜರ್ನಲ್‌ಗಳಿಗೆ ದೇಶಕ್ಕೆಲ್ಲ ಒಂದೇ ಚಂದಾ) ಸದ್ಯಕ್ಕೆ ಸರ್ಕಾರಿ ಸಂಸ್ಥೆಗಳಿಗೆ. ಖಾಸಗಿಯವರಿಗೆ ವಿಟಿಯು ಕಾಲೇಜುಗಳು ಸೇರಿ ಜರ್ನಲ್ ತರಿಸುವ ಕನ್ಸಾರ್ಟಿಯಂನಲ್ಲಿ ಸಿಕ್ಕಷ್ಟು. ಬೇಕಾದ ಪೇಪರಿಗೆ ಲೇಖಕರಿಗೇ ಮೇಲ್ ಹಾಕಿ, ಹತ್ತರಲ್ಲಿ ಏಳು ಜನ ಕಳಿಸುತ್ತಾರೆ.

ಕಟಕಟೆ:

ನಮ್ಮ ಕಾಲೇಜಿನ ಗೇಟಿಗೆ ಒಂದು ಫ್ಲೆಕ್ಸ್ ಬಿದ್ದಿದೆ. "ವಿಶ್ವದ ಟಾಪ್ 2% ವಿಜ್ಞಾನಿ, ನಮ್ಮ ಹೆಮ್ಮೆ." ಆ ವಿಜ್ಞಾನಿ ಕಾಲೇಜು ಬಿಟ್ಟು ಎಂಟು ತಿಂಗಳಾಯಿತು. ಫ್ಲೆಕ್ಸ್ ಇನ್ನೂ ಕೆಲಸದಲ್ಲಿದೆ.

ರಿಟೈರ್ಡ್ ರೀಡರ್:

ಕೊರಿಯಾದ ಬಗ್ಗೆ ಯಾರೂ ಮಾತಾಡಲಿಲ್ಲ. ಹೋಗಬಾರದು ಅಂತ ನಾನು ಹೇಳುವುದಿಲ್ಲ. ಎರಡು ವರ್ಷ ಒಳ್ಳೆಯ ಯಂತ್ರಗಳ ಜೊತೆ ಇದ್ದರೆ ಕೈ ಪಳಗುತ್ತದೆ. ರಸಾಯನ ವಿಜ್ಞಾನಿ ಸಿ.ಎನ್.ಆರ್. ರಾವ್ 1959ರಲ್ಲಿ ಅಮೆರಿಕದಿಂದ ಐಐಎಸ್‌ಸಿಗೆ ಲೆಕ್ಚರರ್ ಆಗಿ ಬಂದರು, 1963ರಲ್ಲಿ ಕಾನ್ಪುರಕ್ಕೆ ಹೋದರು, 1976ರಲ್ಲಿ ಬೆಂಗಳೂರಿಗೆ ಮರಳಿ ಘನಸ್ಥಿತಿ ರಸಾಯನಶಾಸ್ತ್ರಕ್ಕೇ ಒಂದು ಹೊಸ ವಿಭಾಗ ಕಟ್ಟಿದರು. ಊರು ಬಿಟ್ಟರು, ವಿಷಯ ಬಿಡಲಿಲ್ಲ. ಆದರೆ ವಾಪಸ್ ಬಂದಾಗ ಕೆಲಸ ಇರುತ್ತಾ ಅನ್ನೋದು ನಿಮ್ಮ ಅಪ್ಪನ ಚಿಂತೆ. ಅದನ್ನು ತಳ್ಳಿಹಾಕಬೇಡಿ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಖಾಲಿ ಹುದ್ದೆಗೆ ಅತಿಥಿ ಉಪನ್ಯಾಸಕರನ್ನು ಹಾಕಿಕೊಂಡು ವರ್ಷಗಟ್ಟಲೆ ಓಡಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ನಲವತ್ತು ದಾಟಿದ ಪಿಎಚ್‌ಡಿ ಹುಡುಗರು ಸೆಮಿಸ್ಟರ್ ಲೆಕ್ಕದಲ್ಲಿ ಬದುಕುತ್ತಿದ್ದಾರೆ.

ಲ್ಯಾಬ್ ಇಲಿ:

ಎರಡು ವಾರ ಆಯಿತು. ಎಲ್ಲರಿಗೂ ಒಂದೊಂದಾಗಿ ಉತ್ತರ ಬರೆಯಲು ಆಗಲಿಲ್ಲ, ಕ್ಷಮಿಸಿ. ಕೊರಿಯಾದವರು ಮಾರ್ಚ್‌ವರೆಗೆ ಸಮಯ ಕೊಟ್ಟಿದ್ದರು, ಆದರೆ ಅಪ್ಪನಿಗೆ ಸ್ಟೆಂಟ್ ಹಾಕಿದರು. ಅದರ ಬಗ್ಗೆ ಇಲ್ಲಿ ಜಾಸ್ತಿ ಬರೆಯಲ್ಲ. ಕಾಲೇಜಿಗೆ ಹೋಗುವುದು ಅಂತ ಆಯಿತು.

ಮೊನ್ನೆ ಹೋಗಿ ಪ್ರಿನ್ಸಿಪಾಲ್ ಹತ್ತಿರ ನಾಲ್ಕು ವಿಷಯ ಕೇಳಿದೆ. ವಾರಕ್ಕೆ ಎಷ್ಟು ಗಂಟೆ? 16 ಅಂದರು. ಮೆಕ್ಯಾನಿಕಲ್ ಸರ್, ನೀವು ನಗಬೇಡಿ. ಸಂಶೋಧನೆ ಶುರುಮಾಡಲು ಸೀಡ್ ಮನಿ ಇದೆಯಾ? ಒಂದು ಲಕ್ಷ, ಪ್ರೊಪೋಸಲ್ ಕೊಟ್ಟರೆ. ಪ್ರಾಜೆಕ್ಟ್ ತಂದರೆ ದುಡ್ಡು ಯಾರ ಕೈಯಲ್ಲಿ? ಅದಕ್ಕೆ ಅಕೌಂಟ್ಸ್‌ನವರನ್ನು ಕೇಳಬೇಕು ಅಂದರು. ನಾಲ್ಕನೆಯದು ಕೀ. ಅವರು ನಕ್ಕರು. "ಐದೂವರೆಗೆ ಎಲ್ಲ ಕೀ ಸೆಕ್ಯೂರಿಟಿ ಹತ್ರ ಹೋಗುತ್ತಪ್ಪ, ಅದು ರೂಲು."

ಹೊರಗೆ ಬಂದು ಮೆಟ್ಟಿಲು ಇಳಿಯುವಾಗ ಎಚ್‌ಒಡಿ ಹಿಂದೆ ಬಂದರು. ಐವತ್ತೈದು ದಾಟಿದವರು. ಒಂದು ಹಳೇ ಸ್ಟೋರ್ ರೂಮು ತೋರಿಸಿದರು. ಮುರಿದ ಸ್ಟೂಲು, ಉತ್ತರಪತ್ರಿಕೆಯ ಗಂಟು, ಒಂದು ಸಿಂಕು. ನಲ್ಲಿಯಲ್ಲಿ ನೀರು ಬರುತ್ತೆ. ತ್ರೀ ಫೇಸ್ ಲೈನ್ ಇದೆ. "ಇದರ ಕೀ ಲಿಸ್ಟಲ್ಲಿ ಇಲ್ಲ" ಅಂತ ಹೇಳಿ ಜೇಬಿಂದ ತೆಗೆದು ಕೈಗೆ ಕೊಟ್ಟರು. ಅವರದ್ದೂ ಏನೋ ಪ್ರಯೋಗ ಅಲ್ಲಿ ಶುರುವಾಗಿತ್ತಂತೆ, ಯಾವುದು ಅಂತ ಕೇಳಲು ನಾಲಿಗೆ ಬರಲಿಲ್ಲ.

ತೆಳುಪದರ ಹಾಕುವ ವ್ಯಾಕ್ಯೂಮ್ ಸಿಸ್ಟಮ್ ಕನಸಲ್ಲೂ ಆಗಲ್ಲ. ಅದನ್ನು ಬಿಟ್ಟು ದ್ರಾವಣದಿಂದ ಆಕ್ಸೈಡ್ ಪುಡಿ ಮಾಡಿ, ಪೇಸ್ಟ್ ಬಳಿದು, ಸುಟ್ಟು ಸೆನ್ಸರ್ ಮಾಡಬಹುದು. ಅದಕ್ಕೆ ಫರ್ನೇಸ್ ಒಂದು ಬೇಕು. ಸೆಕೆಂಡ್ ಹ್ಯಾಂಡ್ ಎಲ್ಲಿ ಸಿಗುತ್ತೆ ಅಂತ ಯಾರಿಗಾದರೂ ಗೊತ್ತಾ?

ನೆಲಮಂಗಲ ಮೆಕ್ಯಾನಿಕಲ್:

16 ಗಂಟೆ ಮೊದಲ ಸೆಮಿಸ್ಟರ್ ಮಾತ್ರ. ಫರ್ನೇಸ್ ವಿಚಾರಿಸುತ್ತೇನೆ. ಪೀಣ್ಯದಲ್ಲಿ ಹೀಟ್ ಟ್ರೀಟ್‌ಮೆಂಟ್ ಮಾಡುವ ನನ್ನ ಹಳೇ ವಿದ್ಯಾರ್ಥಿ ಇದ್ದಾನೆ.

ರಿಟೈರ್ಡ್ ರೀಡರ್:

ಪೀಣ್ಯಕ್ಕೆ ಹೋಗಬೇಡಿ. ಮೊದಲ ಕುಲುಮೆ ವಿಭಾಗದ್ದು, ಅದು ಗುಜರಿಗೆ ಹೋಯಿತು ಅಂತ ಕೇಳಿದೆ. ರಿಟೈರ್ ಆಗುವ ಮುಂಚೆ ನನ್ನ ದುಡ್ಡಲ್ಲಿ ಕಟ್ಟಿಸಿದ ಎರಡನೆಯದು ನಮ್ಮ ಮನೆಯ ಶೆಡ್ಡಿನಲ್ಲಿ ಮೊಮ್ಮಗನ ಸೈಕಲ್ ಹಿಂದೆ ಇದೆ. ತಂತಿ ಸರಿಯಿದೆ. ಉಷ್ಣತೆ ಅಳೆಯುವ ಥರ್ಮೋಕಪಲ್ ಬದಲಿಸಬೇಕು, ಕಂಟ್ರೋಲರ್ ಹಳೆಯದು, ಐದಾರು ಡಿಗ್ರಿ ಅತ್ತಿತ್ತ ಆಗುತ್ತೆ. ಅದಕ್ಕೆ ಹೊಸದು ಹಾಕಿಸಿಕೊಳ್ಳಿ. ತೂಕ ಜಾಸ್ತಿ, ಇಬ್ಬರು ಬೇಕು. ಅಗಲ ಎರಡೂವರೆ ಅಡಿ. ಆ ಸ್ಟೋರ್ ರೂಮಿನ ಬಾಗಿಲು ಎಷ್ಟಿದೆ?

ಲ್ಯಾಬ್ ಇಲಿ:

ನಾಳೆ ಅಳೆದು ಹೇಳುತ್ತೇನೆ ಸರ್.

ಲ್ಯಾಬ್ ಇಲಿ:

2 ಅಡಿ 9 ಇಂಚು.